ದೊಡ್ಡವರ ತರಬೇತಿ: ಯಾವ ಗುಂಪಿಗೆ ಯಾವ ವಿಧಾನ ಹೊಂದುತ್ತದೆ?

ತರಬೇತಿಯ ವೇಳಾಪಟ್ಟಿ ಬರೆಯುವಾಗ ‘ವಿಷಯ’ದ ಕಾಲಂ ಬೇಗ ತುಂಬುತ್ತದೆ. ‘ವಿಧಾನ’ದ ಕಾಲಂಗೆ ಬಂದರೆ ಕೈ ತಾನಾಗಿಯೇ ‘ಉಪನ್ಯಾಸ ಮತ್ತು ಚರ್ಚೆ’ ಎಂದು ಬರೆದು, ಕೆಳಗಿನ ಸಾಲುಗಳಿಗೆಲ್ಲ ‘ಅದೇ’ ಎಂಬ ಗುರುತು ಹಾಕಿಬಿಡುತ್ತದೆ. ಈಚೆಗೆ ಇದಕ್ಕೆ ಎದುರಾಗಿ ಇನ್ನೊಂದು ಅತಿ ಶುರುವಾಗಿದೆ: ಎಲ್ಲದಕ್ಕೂ ಗುಂಪು ಚಟುವಟಿಕೆ. ಚಾರ್ಟು, ಸ್ಕೆಚ್ ಪೆನ್ನು, ಆರು ಗುಂಪು, ಆರು ಪ್ರಸ್ತುತಿ, ಆರು ಸಲ ಚಪ್ಪಾಳೆ. ಎರಡರಲ್ಲೂ ಸಂಜೆಗೆ ಉಳಿಯುವುದು ಹಾಜರಾತಿ ಪಟ್ಟಿ ಮತ್ತು ಫೋಟೋ.

ಹಳ್ಳಿ ಮತ್ತು ತಾಲ್ಲೂಕು ಮಟ್ಟದಲ್ಲಿ 15ರಿಂದ 60 ಜನ ವಯಸ್ಕರಿಗೆ ನಡೆಸುವ ಕಾರ್ಯಾಗಾರಗಳನ್ನು ಮುಂದಿಟ್ಟುಕೊಂಡು ಈ ಹೋಲಿಕೆ ಮಾಡಲಾಗಿದೆ. ಸ್ವಸಹಾಯ ಸಂಘದ ಮಹಿಳೆಯರು, ಗ್ರಾಮ ಪಂಚಾಯಿತಿ ಸದಸ್ಯರು, ರೈತರು, ಆಶಾ ಕಾರ್ಯಕರ್ತೆಯರು ಇದರಲ್ಲಿ ಬರುತ್ತಾರೆ. ಕಚೇರಿ ನೌಕರರ ತರಬೇತಿಗೂ ಇದರ ಬಹುಪಾಲು ಅನ್ವಯಿಸುತ್ತದೆ, ಬಸ್ಸಿನ ಸಮಯದ ಚಿಂತೆಯೊಂದನ್ನು ಬಿಟ್ಟು.

ಆಯ್ಕೆ ಶುರುವಾಗುವುದು ಮರುದಿನದ ಕೆಲಸದಿಂದ

‘ಅರಿವು ಮೂಡಿಸುವುದು’ ಎಂಬ ಉದ್ದೇಶ ಇಟ್ಟುಕೊಂಡರೆ ಯಾವ ವಿಧಾನವಾದರೂ ಸರಿಯೆಂದೇ ಕಾಣುತ್ತದೆ. ಅದರ ಬದಲು ಒಂದೇ ವಾಕ್ಯ ಬರೆಯಿರಿ: ತರಬೇತಿ ಮುಗಿದ ಮರುವಾರ ಈ ಜನ ಏನು ಮಾಡಬೇಕು? ‘ಸಭೆಯ ನಗದು ಪುಸ್ತಕವನ್ನು ತಪ್ಪಿಲ್ಲದೆ ಬರೆಯಬೇಕು.’ ‘ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ (ರೋಗ ತಡೆಯುವ ಶಿಲೀಂಧ್ರದ ಪುಡಿ) ಹಚ್ಚಿ ನೆರಳಲ್ಲಿ ಒಣಗಿಸಿ ಬಿತ್ತಬೇಕು.’ ‘ವಾರ್ಡ್ ಸಭೆಯಲ್ಲಿ ಎದ್ದು ನಿಂತು ಫಲಾನುಭವಿಗಳ ಪಟ್ಟಿಯನ್ನು ಪ್ರಶ್ನಿಸಬೇಕು.’ ಮೂರೂ ತರಬೇತಿಗಳೇ, ಆದರೆ ಒಂದಕ್ಕೆ ಬೇಕಾದ ವಿಧಾನ ಇನ್ನೊಂದಕ್ಕೆ ಕೆಲಸಕ್ಕೆ ಬಾರದು. ಕೈಗೆ ಸಂಬಂಧಿಸಿದ ಕೆಲಸವಾದರೆ ಮಾಡಿ ತೋರಿಸಿ ಮಾಡಿಸುವುದು, ಎದುರಿನವರೊಡನೆ ಮಾತಾಡುವ ಕೆಲಸವಾದರೆ ಪಾತ್ರಾಭಿನಯ, ನಿಯಮ ತಿಳಿಯಬೇಕಾದರೆ ತುಂಡು ತುಂಡಾದ ಉಪನ್ಯಾಸ ಅಥವಾ ಹಂಚಿಕೊಂಡು ಕಲಿಯುವುದು, ಊರು ಒಂದು ತೀರ್ಮಾನಕ್ಕೆ ಬರಬೇಕಾದರೆ ನಕ್ಷೆ ಅಥವಾ ವೃತ್ತಚರ್ಚೆ (ಒಂದೊಂದರ ವಿವರ ಮುಂದಿದೆ). ಗುಂಪಿನ ಗಾತ್ರ, ಓದುಬರಹ, ಸಮಯ, ಜಾಗ ಇವನ್ನೆಲ್ಲ ನೋಡುವುದು ಆಮೇಲೆ.

ಒಂದು ಇಡೀ ದಿನವೋ, ನಾಲ್ಕು ಅರ್ಧ ದಿನಗಳೋ

ಹತ್ತರಿಂದ ಐದರವರೆಗಿನ ಕಾರ್ಯಕ್ರಮದಲ್ಲಿ ಕಲಿಕೆಗೆ ಸಿಗುವುದು ಏಳು ಗಂಟೆಯಲ್ಲ. ಊಟಕ್ಕೆ ಒಂದು ಗಂಟೆ, ಎರಡು ಚಹಾಕ್ಕೆ ಅರ್ಧ ಗಂಟೆ ಕಳೆಯಿರಿ. ಜನ ಸೇರುವಷ್ಟರಲ್ಲಿ 10.45. ಸಂಜೆ ಡೇರಿಗೆ ಹಾಲು ಹಾಕಬೇಕಾದವರು, ಕೊನೆಯ ಬಸ್ಸು ಹಿಡಿಯಬೇಕಾದವರು ನಾಲ್ಕಕ್ಕೇ ಬ್ಯಾಗು ಹೆಗಲಿಗೇರಿಸುತ್ತಾರೆ. ಇನ್ನು ಉದ್ಘಾಟನೆ: ಅತಿಥಿಗಳು ಬರುವವರೆಗೆ ಕಾಯುವುದು, ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ಇದಕ್ಕೆ ಅರ್ಧ ಗಂಟೆ ಹೋದರೆ ಉಳಿದದ್ದು ಮೂರೂಕಾಲು ಗಂಟೆ. ಯೋಜನೆ ಹಾಕುವಾಗಲೇ ಮೂರೂಕಾಲು ಗಂಟೆಗೆ ಹಾಕಿದರೆ ಮಧ್ಯಾಹ್ನ ಓಡಬೇಕಾಗುವುದಿಲ್ಲ. ಉದ್ಘಾಟನೆಯನ್ನು ಬಿಡಲಾಗದಿದ್ದರೆ ಊಟಕ್ಕೆ ಮುಂಚಿನ ಅರ್ಧ ಗಂಟೆಗೆ ತಳ್ಳಿ. ಅತಿಥಿ ತಡವಾದರೂ ಆ ಹೊತ್ತಿಗೆ ಎರಡು ಗಂಟೆಯ ಕೆಲಸ ಆಗಿರುತ್ತದೆ.

ವಾರಕ್ಕೊಂದರಂತೆ ನಾಲ್ಕು ಅರ್ಧ ದಿನ ನಡೆಸಿದರೆ ನಡುವಿನ ವಾರದಲ್ಲಿ ಜನ ಮಾಡಿ ನೋಡಿ, ಎಡವಿ, ಪ್ರಶ್ನೆಯೊಡನೆ ವಾಪಸು ಬರುತ್ತಾರೆ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆಯ ಶಕ್ತಿ ಇರುವುದು ಇಲ್ಲೇ. 25ರ ಆಸುಪಾಸಿನ ರೈತರು ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಹೊಲದಲ್ಲೇ ಸೇರುತ್ತಾರೆ; ಕೀಟ ಎಣಿಸಿ, ಚಿತ್ರ ಬರೆದು, ಈ ವಾರ ಔಷಧಿ ಹೊಡೆಯಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಾರೆ. ಒಂದೇ ದಿನದಲ್ಲಿ ಎಷ್ಟು ಚೆನ್ನಾಗಿ ಹೇಳಿದರೂ ಮೊಟ್ಟೆ, ಮರಿಹುಳು, ಪತಂಗ ಮೂರನ್ನೂ ಗಿಡದ ಮೇಲೆ ಜೀವಂತ ತೋರಿಸಲಾಗದು.

ಆದರೂ ಸತತ ಎರಡು ದಿನದ ಶಿಬಿರವೇ ಸರಿಯಾಗುವ ಸಂದರ್ಭಗಳಿವೆ. ಜನ ದೂರದಿಂದ ಬರುವಾಗ, ಪ್ರಯಾಣ ಭತ್ಯೆ ಒಂದೇ ಸಲ ಸಿಗುವಾಗ, ಪರಸ್ಪರ ಪರಿಚಯವಿಲ್ಲದವರ ನಡುವೆ ವಿಶ್ವಾಸ ಬೆಳೆಯಬೇಕಾದಾಗ. ರಾತ್ರಿ ಊಟದ ನಂತರದ ಮಾತುಕತೆ ವೇಳಾಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಶಿಬಿರದ ಅರ್ಧ ಫಲ ಅದರಲ್ಲೇ.

ವಿಧಾನಗಳು, ಒಂದರ ಎದುರು ಒಂದು

*ಉಪನ್ಯಾಸ.* ಇದನ್ನು ಬಯ್ಯುವುದು ಈಗಿನ ರೂಢಿ. ಆದರೆ 60 ಜನರಿಗೆ ಬದಲಾದ ಒಂದು ನಿಯಮವನ್ನು ಅರ್ಧ ಗಂಟೆಯಲ್ಲಿ ಒಂದೇ ಥರ ತಿಳಿಸಬೇಕಾದರೆ ಇದಕ್ಕಿಂತ ಅಗ್ಗದ, ನಂಬಿಕೆಯ ದಾರಿ ಇಲ್ಲ. ಕೆಡುವುದು ಉದ್ದದಿಂದ. 15 ನಿಮಿಷ ಮಾತಾಡಿ ನಿಲ್ಲಿಸಿ. ಒಂದು ಪ್ರಶ್ನೆ ಕೊಟ್ಟು ಒಂದು ನಿಮಿಷ ಸುಮ್ಮನೆ ಯೋಚಿಸಲು, ಮೂರು ನಿಮಿಷ ಪಕ್ಕದವರೊಡನೆ ಮಾತಾಡಲು ಬಿಡಿ, ಆಮೇಲೆ ನಾಲ್ಕೈದು ಜೋಡಿಗಳಿಂದ ಉತ್ತರ ಕೇಳಿ. ‘ಅರ್ಥ ಆಯ್ತಾ?’ ಎಂಬುದು ಪ್ರಶ್ನೆಯಲ್ಲ. ಅದಕ್ಕೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ನಿಮ್ಮ ವಾರ್ಡಿನಲ್ಲಿ ಇದು ಯಾರಿಗೆ ಅನ್ವಯಿಸುತ್ತದೆ, ಒಂದು ಮನೆ ಹೇಳಿ’ ಎಂಬುದು ಪ್ರಶ್ನೆ.

*ಮಾಡಿ ತೋರಿಸಿ ಮಾಡಿಸುವುದು.* ಬೀಜೋಪಚಾರ, ಓಆರ್‌ಎಸ್ ತಯಾರಿ, ರಕ್ತದೊತ್ತಡ ನೋಡುವುದು, ಮೊಬೈಲಿನಲ್ಲಿ ಅರ್ಜಿ ಹಾಕುವುದು ಎಲ್ಲಕ್ಕೂ ಇದೇ. ನಾಲ್ಕು ಹಂತ: ಮೊದಲು ಮಾತಿಲ್ಲದೆ ಸಹಜ ವೇಗದಲ್ಲಿ ಮಾಡಿ ತೋರಿಸಿ, ಎರಡನೇ ಸಲ ನಿಧಾನವಾಗಿ ಹೇಳುತ್ತಾ ಮಾಡಿ, ಮೂರನೇ ಸಲ ಶಿಬಿರಾರ್ಥಿ ಹೇಳಿದ ಹಾಗೆ ನೀವು ಮಾಡಿ, ನಾಲ್ಕನೆಯದು ಅವರೇ ಹೇಳುತ್ತಾ ಮಾಡುವುದು. ಬಹಳಷ್ಟು ತರಬೇತಿಗಳಲ್ಲಿ ಹಾರಿಹೋಗುವುದು ಮೂರನೆಯದು, ತಪ್ಪು ತಿಳಿವಳಿಕೆ ಸಿಕ್ಕಿಬೀಳುವುದೂ ಅಲ್ಲೇ. ಓಆರ್‌ಎಸ್ ಪೊಟ್ಟಣ ಸಿಗದಾಗ ಮನೆಯಲ್ಲಿ ತಯಾರಿಸುವ ದ್ರಾವಣಕ್ಕೆ ಒಂದು ಲೀಟರ್ ಶುದ್ಧ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಬಾಯಿ ಸಮಮಟ್ಟವಾಗಿರಬೇಕು. ‘ಸಮಮಟ್ಟ’ ಎಂದು ಹೇಳಿದ್ದು ಎಲ್ಲರಿಗೂ ಕೇಳಿರುತ್ತದೆ, ಕೈಗೆ ಚಮಚ ಕೊಟ್ಟರೆ ರಾಶಿ ತುಂಬುತ್ತಾರೆ. ಇದರ ಮಿತಿ ಸಂಖ್ಯೆ: ಒಬ್ಬ ತರಬೇತುದಾರರಿಗೆ ಎಂಟು–ಹತ್ತು ಜನ. ಮೂವತ್ತು ಜನ ಸುತ್ತ ನಿಂತು ನೋಡಿದರೆ ಅದು ಪ್ರದರ್ಶನ.

*ಪಾತ್ರಾಭಿನಯ.* ಬ್ಯಾಂಕ್ ಮ್ಯಾನೇಜರ್ ಬಳಿ ಸಾಲ ಕೇಳುವುದು, ಗರ್ಭಿಣಿಯನ್ನು ಆಸ್ಪತ್ರೆಗೆ ಕಳಿಸಲು ಅವಳ ಅತ್ತೆಯನ್ನು ಒಪ್ಪಿಸುವುದು, ಗ್ರಾಮಸಭೆಯಲ್ಲಿ ಪ್ರಶ್ನೆ ಎತ್ತುವುದು. ಅಂಜಿಕೆ ಬಿಡಿಸಲು ಇಷ್ಟು ಒಳ್ಳೆಯ ಇನ್ನೊಂದು ವಿಧಾನವಿಲ್ಲ. ಕೆಡಲು ಇಷ್ಟು ಸುಲಭದ್ದೂ ಇಲ್ಲ. ನಮ್ಮೂರುಗಳಲ್ಲಿ ನಾಟಕ ಎಂದ ಕೂಡಲೇ ಕಲಾವಿದರು ಮೇಲೇಳುತ್ತಾರೆ, ಸನ್ನಿವೇಶ ನಗೆನಾಟಕವಾಗುತ್ತದೆ, ಹತ್ತು ನಿಮಿಷದ್ದು ಅರ್ಧ ಗಂಟೆ ನಡೆಯುತ್ತದೆ, ಚರ್ಚೆಗೆ ಹೊತ್ತೇ ಇರುವುದಿಲ್ಲ. ತಡೆಯುವುದು ಹೀಗೆ: ಪಾತ್ರದವರಿಗೆ ಬಾಯಿಮಾತಿನಲ್ಲಿ ಹೇಳದೆ ನಾಲ್ಕು ಸಾಲಿನ ಚೀಟಿ ಕೊಡಿ (ಓದಲು ಬಾರದವರಿಗೆ ಪಕ್ಕಕ್ಕೆ ಕರೆದು ಹೇಳಿ). ಅಭಿನಯ ಏಳು ನಿಮಿಷ, ಗಡಿಯಾರ ನೋಡಿ ನಿಲ್ಲಿಸಿ. ನೋಡುವವರಿಗೆ ಮೊದಲೇ ಕೆಲಸ ಹಂಚಿ: ಒಂದು ಬದಿಯವರು ಮ್ಯಾನೇಜರ್ ಯಾವ ಮಾತಿಗೆ ಮೆತ್ತಗಾದರು ನೋಡಲಿ, ಇನ್ನೊಂದು ಬದಿಯವರು ಸಂಘದವರು ಯಾವ ಕಾಗದ ತೋರಿಸಬಹುದಿತ್ತು ನೋಡಲಿ. ಚರ್ಚೆಗೆ 15 ನಿಮಿಷ. ಆಮೇಲೆ ಬೇರೆಯವರಿಂದ ಅದೇ ಸನ್ನಿವೇಶ ಇನ್ನೊಮ್ಮೆ. ಕಲಿಕೆ ಆಗುವುದು ಈ ಎರಡನೇ ಆಟದಲ್ಲಿ. ಕೊನೆಗೆ ಕಠಿಣ ಪಾತ್ರ ಮಾಡಿದವರನ್ನು ಅವರ ನಿಜ ಹೆಸರಿನಿಂದ ಕರೆದು ಕೂರಿಸಿ. ಇಲ್ಲದಿದ್ದರೆ ಅವರು ಊರಲ್ಲಿ ವರ್ಷವಿಡೀ ‘ಅತ್ತೆ’ಯಾಗಿಯೇ ಉಳಿಯುತ್ತಾರೆ.

*ಹಂಚಿಕೊಂಡು ಕಲಿಯುವುದು.* ಇಂಗ್ಲಿಷಿನಲ್ಲಿ ಜಿಗ್‌ಸಾ ಎನ್ನುತ್ತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದಾಗಿನ ಬಿಗುವನ್ನು ಸಡಿಲಿಸಲು ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ್ದು. 25 ಜನರಿದ್ದರೆ ಐದು ಗುಂಪು, ಐದು ಉಪವಿಷಯ. ಪ್ರತಿ ಗುಂಪು ಒಂದು ಪುಟವನ್ನು 20 ನಿಮಿಷ ಓದಿ ಚರ್ಚಿಸುತ್ತದೆ. ಆಮೇಲೆ ಗುಂಪು ಒಡೆದು, ಒಂದೊಂದು ವಿಷಯದವರು ಒಬ್ಬೊಬ್ಬರಂತೆ ಹೊಸ ಗುಂಪುಗಳಾಗಿ, ತಲಾ ಐದು ನಿಮಿಷ ಉಳಿದವರಿಗೆ ಕಲಿಸುತ್ತಾರೆ. ಕೊನೆಗೆ 15 ನಿಮಿಷ ಎಲ್ಲ ವಿಷಯವನ್ನೂ ಮುಟ್ಟುವ ಪ್ರಶ್ನೆಗಳು. ಗುಂಪು ಬದಲಾಗುವ ಗದ್ದಲ ಸೇರಿಸಿ 75 ನಿಮಿಷ. ಶಿಕ್ಷಕರಿಗೆ, ಆಶಾ ಮೇಲ್ವಿಚಾರಕಿಯರಿಗೆ ಚೆನ್ನ. ಓದುವ ರೂಢಿ ತಪ್ಪಿದವರಿಗೆ ಬೇಡ: ಒಬ್ಬರು ತಪ್ಪು ಕಲಿತರೆ ಹೊಸ ಗುಂಪಿನ ನಾಲ್ವರಿಗೂ ಅದೇ ತಪ್ಪು ಹಂಚಿಕೆಯಾಗುತ್ತದೆ. ಹಾಗಾಗಿ ತರಬೇತುದಾರರು ತಿರುಗಾಡಬೇಕಾದ್ದು ಮೊದಲ ಸುತ್ತಿನಲ್ಲಿ. 27 ಜನ ಬಂದರೆ ಹೆಚ್ಚಿನ ಇಬ್ಬರನ್ನು ಒಬ್ಬೊಬ್ಬರಿಗೆ ಜೋಡಿ ಮಾಡಿ, ಆರನೇ ಗುಂಪು ಮಾಡಬೇಡಿ.

*ಮೇಜು ಬದಲಿಸುವ ಚರ್ಚೆ ಮತ್ತು ವೃತ್ತಚರ್ಚೆ.* ಮೊದಲನೆಯದು 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವರ್ಲ್ಡ್ ಕೆಫೆ. ಮೇಜಿಗೆ ನಾಲ್ಕೈದು ಜನ, 20 ನಿಮಿಷದ ಮೂರು ಸುತ್ತು, ಪ್ರತಿ ಸುತ್ತಿಗೆ ಒಬ್ಬರು ಉಳಿದು ಮಿಕ್ಕವರು ಬೇರೆ ಮೇಜಿಗೆ. ಅಭಿಪ್ರಾಯ, ಅನುಭವ ಒಟ್ಟುಮಾಡಲು ಸೊಗಸು, ಕೌಶಲ ಕಲಿಸಲು ನಿಷ್ಪ್ರಯೋಜಕ, ಹದಿನೈದಕ್ಕಿಂತ ಕಡಿಮೆ ಜನರಿದ್ದರೆ ಅನವಶ್ಯಕ. ವೃತ್ತಚರ್ಚೆಯಲ್ಲಿ ಒಳಗೆ ಐದು ಜನ, ಒಂದು ಖಾಲಿ ಕುರ್ಚಿ, ಸುತ್ತ ಉಳಿದವರು. ಮಾತಾಡಬೇಕೆನಿಸಿದವರು ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತಾರೆ, ಒಳಗಿನ ಒಬ್ಬರು ಎದ್ದು ಹೋಗುತ್ತಾರೆ. ಜಗಳವಿರುವ ವಿಷಯಕ್ಕೆ ಇದನ್ನೇ ಆರಿಸಿ, ಏಕೆಂದರೆ ಏಕಕಾಲಕ್ಕೆ ಆರು ಜನರಿಗಿಂತ ಹೆಚ್ಚು ಕೂಗಲಾಗುವುದಿಲ್ಲ. ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಮೊದಲ ಹತ್ತು ನಿಮಿಷ ಒಳವೃತ್ತದಲ್ಲಿ ಮಹಿಳಾ ಸದಸ್ಯರು ಮಾತ್ರ, ಹೊರಗಿನವರಿಗೆ ಕೇಳುವ ಕೆಲಸ ಮಾತ್ರ ಎಂದು ನಿಯಮ ಮಾಡಿದರೆ, ಸಾಮಾನ್ಯ ಸಭೆಯಲ್ಲಿ ಹೊರಬಾರದ ಮಾತು ಬರುತ್ತದೆ. ಸದಸ್ಯೆಯ ಗಂಡ ಜೊತೆಗೆ ಬಂದಿದ್ದರೆ ಅವರಿಗೆ ಬೇರೆ ಕೋಣೆಯಲ್ಲಿ ಬೇರೆ ಕಾರ್ಯಕ್ರಮ ಇಡುವುದು ಜಾಣತನ. ಹೊರಗೆ ಹೋಗಿ ಎಂದರೆ ಹೋಗುವುದಿಲ್ಲ.

*ನೆಲದ ಮೇಲಿನ ನಕ್ಷೆ.* ಊರಿನವರೇ ಸೇರಿ ತಮ್ಮ ಊರಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸುವುದು. ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯವರು 1980ರ ದಶಕದ ಕೊನೆಯಲ್ಲೇ ಹಳ್ಳಿಗರೊಡನೆ ಇಂಥ ಸಹಭಾಗಿ ಅಧ್ಯಯನದ ಪದ್ಧತಿಗಳನ್ನು ಬಳಸತೊಡಗಿದ್ದರು. ಎಂಟರಿಂದ ಹನ್ನೆರಡು ಜನ, ದೇವಸ್ಥಾನದ ಮುಂದಿನ ಅಂಗಳ, ರಂಗೋಲಿ ಪುಡಿ, ಕಲ್ಲು, ಎಲೆ, ಹುಣಸೆ ಬೀಜ, ಒಂದರಿಂದ ಒಂದೂವರೆ ಗಂಟೆ. ಪೆನ್ನು ಹಿಡಿಯಲು ಹಿಂಜರಿಯುವವರು ರಂಗೋಲಿ ಹಿಡಿಯಲು ಹಿಂಜರಿಯುವುದಿಲ್ಲ. ಗಂಡಸರ ನಕ್ಷೆ ಬೇರೆ, ಹೆಂಗಸರ ನಕ್ಷೆ ಬೇರೆ ಮಾಡಿಸಿ: ಒಂದರಲ್ಲಿ ರಸ್ತೆ, ದೇವಸ್ಥಾನ ದೊಡ್ಡದಾಗಿದ್ದರೆ ಇನ್ನೊಂದರಲ್ಲಿ ನೀರಿನ ನಲ್ಲಿ, ಶೌಚದ ದಾರಿ, ಕತ್ತಲ ಮೂಲೆ ಇರಬಹುದು. ಆ ವ್ಯತ್ಯಾಸವೇ ಚರ್ಚೆಯ ವಸ್ತು. ಶಾಲೆ ಕಲಿತ ಹುಡುಗನೊಬ್ಬ ಮಧ್ಯೆ ಬಂದು ಕಡ್ಡಿ ಕಸಿದುಕೊಂಡರೆ ನಕ್ಷೆ ಅವನದಾಗುತ್ತದೆ. ಅವನಿಗೆ ಕಾಗದಕ್ಕೆ ನಕಲು ಮಾಡುವ ಕೆಲಸ ಕೊಡಿ. ನಕಲು ಮಾಡದೆ ಎದ್ದರೆ ಮಳೆಗೋ ಮೇಕೆಗೋ ಹೋಯಿತು.

ಪ್ರೊಜೆಕ್ಟರೋ, ಚಾರ್ಟೋ, ಚೀಟಿಯೋ

ಕರೆಂಟು ಹೋಗುವ, ಕಿಟಕಿಗೆ ಪರದೆಯಿಲ್ಲದ ಸಮುದಾಯ ಭವನದಲ್ಲಿ ಪ್ರೊಜೆಕ್ಟರನ್ನೇ ನಂಬಿಕೊಳ್ಳಬೇಡಿ. ಚಿತ್ರ ಮತ್ತು ವಿಡಿಯೋಕ್ಕೆ ಅದು ಚೆನ್ನ. ಪಠ್ಯಕ್ಕೆ ಚಾರ್ಟೇ ಮೇಲು, ಗೋಡೆಯಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಮೂವತ್ತು ಅಡಿ ದೂರದಿಂದ ಓದಲು ಅಕ್ಷರ ಒಂದೂವರೆ ಅಂಗುಲ ಎತ್ತರವಿರಲಿ, ಒಂದು ಹಾಳೆಗೆ ಏಳೆಂಟು ಸಾಲು, ಕಪ್ಪು ಅಥವಾ ನೀಲಿ ಮಾರ್ಕರ್. ಸ್ಕೆಚ್ ಪೆನ್ನಿನ ಗೆರೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಚೀಟಿ ಬರೆಸುವುದಾದರೆ ಎ4 ಹಾಳೆಯನ್ನು ಮೂರು ಪಟ್ಟಿ ಮಾಡಿ, ಪಟ್ಟಿಗೆ ಒಂದೇ ವಿಚಾರ. ಚೀಟಿಯ ಲಾಭ ಹೆಸರು ಕಾಣದಿರುವುದು. ಆದರೆ ಬರೆಯಲು ಬಾರದವರು ಮೂವರಿದ್ದರೂ ಅವರಿಗದು ಅವಮಾನ. ಅಲ್ಲಿ ಬೀಜ ಹಾಕಿ ಮತ ಕೊಡುವುದು ಸರಿ. ಯಾರಿಗೆ ಓದಲು ಬರುತ್ತದೆ ಎಂದು ಕೈ ಎತ್ತಿಸಬೇಡಿ. ನೋಂದಣಿಯ ಸಹಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಹಾಗೆಯೇ ಯಾರನ್ನೂ ಹಠಾತ್ತನೆ ನಿಲ್ಲಿಸಿ ‘ಇದನ್ನು ಓದಿ ಅಕ್ಕ’ ಎನ್ನಬೇಡಿ.

ದೂರದಿಂದ ಪರದೆಯ ಮೂಲಕ ಕಲಿಸುವ ಆಯ್ಕೆಯೂ ಇದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಟ್ಟಾಗ ತಾಲ್ಲೂಕು ಕೇಂದ್ರಗಳಲ್ಲಿ ಸ್ಥಳೀಯ ಸಂಪನ್ಮೂಲ ವ್ಯಕ್ತಿಗಳೂ ಕೂತಿರುತ್ತಿದ್ದರು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಪ್ರಯೋಗವೂ ಅಷ್ಟೇ: ರೈತರೇ ಇರುವ ವಿಡಿಯೋ, ಅದನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಊರಿನದೇ ಒಬ್ಬ ವ್ಯಕ್ತಿ. ಪರದೆಯಾಚೆ ಎಷ್ಟೇ ದೊಡ್ಡ ತಜ್ಞರಿರಲಿ, ಈಚೆ ಒಬ್ಬರಿಲ್ಲದಿದ್ದರೆ ಹಣ ದಂಡ.

ಒಬ್ಬರೋ, ಇಬ್ಬರೋ

ಮಾಡಿ ತೋರಿಸಿ ಮಾಡಿಸುವುದನ್ನು ಬಿಟ್ಟರೆ, 20 ಜನರವರೆಗೆ ಒಬ್ಬರು ಸಾಕು. ಮೂವತ್ತಾದರೆ ಇಬ್ಬರು: ಒಬ್ಬರು ನಡೆಸುವಾಗ ಇನ್ನೊಬ್ಬರು ಗುಂಪುಗಳ ನಡುವೆ ಓಡಾಡುವುದು, ಸಮಯ ನೋಡುವುದು, ಮೌನವಾಗಿರುವವರನ್ನು ಗುರುತಿಸುವುದು. ಹೊರಗಿನ ತಜ್ಞರಿಗೂ ಸ್ಥಳೀಯ ತರಬೇತುದಾರರಿಗೂ ನಡುವೆ ಆರಿಸಬೇಕಾದರೆ, ವಿಷಯ ಕಾನೂನೋ ಔಷಧಿಯೋ ಆದಾಗ ತಜ್ಞರು, ಬೇರೆಲ್ಲದಕ್ಕೂ ಸ್ಥಳೀಯರು. ತಜ್ಞರಿಗೆ ‘ವಿಷಯ ಮಂಡಿಸಿ’ ಎನ್ನದೆ ಶಿಬಿರಾರ್ಥಿಗಳ ಏಳು ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಿ, ಅವಕ್ಕಷ್ಟೇ ಉತ್ತರಿಸಲು ಕೇಳಿಕೊಳ್ಳಿ.

ಒಂದು ಉದಾಹರಣೆ: ನಗದು ಪುಸ್ತಕ

ಸ್ವಸಹಾಯ ಸಂಘಗಳ ಪಂಚಸೂತ್ರದಲ್ಲಿ ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿಯ ಜೊತೆಗೆ ಐದನೆಯದು ಲೆಕ್ಕಪತ್ರ. 14 ಸಂಘಗಳಿಂದ ಇಬ್ಬಿಬ್ಬರು, ಒಟ್ಟು 28 ಜನ. ಸಿಕ್ಕಿರುವುದು ಮೂರು ಗಂಟೆ. ಉಪನ್ಯಾಸ ಬೇಡ, ಕಾಲಂಗಳ ಹೆಸರು ಕೇಳಿ ಯಾರಿಗೂ ಲೆಕ್ಕ ಬಂದಿಲ್ಲ. ಹಂಚಿಕೊಂಡು ಕಲಿಯುವುದೂ ಬೇಡ, ಇಲ್ಲಿ ಎಲ್ಲರಿಗೂ ಎಲ್ಲವೂ ಬರಬೇಕು. ಆರಿಸಬೇಕಾದ್ದು ಅಣಕು ಸಭೆ.

10.30ಕ್ಕೆ ಜೋಡಿಗಳಲ್ಲಿ 15 ನಿಮಿಷ: ನಿಮ್ಮ ಸಂಘದ ಕೈಯಲ್ಲಿರುವ ನಗದು ಎಷ್ಟು, ಯಾವ ಪುಸ್ತಕ ನೋಡಿ ಹೇಳುತ್ತೀರಿ? ಚೆಂಡು ಎಸೆದಾಡಿ ಹೆಸರು ಹೇಳುವ ಆಟಕ್ಕಿಂತ ಇದೇ ಒಳ್ಳೆಯ ಪರಿಚಯ, ಮಂಡಿನೋವಿನವರಿಗೂ ಅನುಕೂಲ. ಆಮೇಲೆ ಜಮಖಾನದ ಮೇಲೆ ಹತ್ತು ಜನ ಸಭೆ ನಡೆಸುತ್ತಾರೆ, ಒಂದು ಹುಣಸೆ ಬೀಜ ಅಂದರೆ ₹100, ಬಿಡಿ ಹತ್ತುಗಳಿಗೆ ಅವರೆ ಬೀಜ. ಆರಂಭದ ನಗದು ₹1,450. ಹತ್ತು ಜನರ ಉಳಿತಾಯ ₹1,000. ಒಬ್ಬರ ಮರುಪಾವತಿ: ಅಸಲು ₹1,000, ಬಡ್ಡಿ ₹60. ಹೊಸ ಸಾಲ ₹3,000. ಸುತ್ತ ಕೂತ ಒಂಬತ್ತು ಜೋಡಿಗಳು ನಡೆದಂತೆ ನಡೆದಂತೆ ಬರೆಯಬೇಕು. ಕೊನೆಗೆ ಉಳಿಯಬೇಕಾದ್ದು ₹510. ಪುಸ್ತಕ ಹೇಳಿದ್ದೂ ಜಮಖಾನದ ಮೇಲಿನ ಬೀಜವೂ ತಾಳೆಯಾಗಬೇಕು.

ಚಹಾದ ನಂತರ ಬೇರೆ ಹತ್ತು ಜನರಿಂದ ಎರಡನೇ ಸಭೆ, ಬೇರೆ ಅಂಕಿಗಳಲ್ಲಿ. ಮೊದಲ ಸುತ್ತಿನ ಹತ್ತು ಜನ ಈಗ ಬರೆಯುವ ಬದಿಗೆ. ಮೊದಲ ತಪ್ಪು ಇಲ್ಲೇ ಬಯಲಾಗುತ್ತದೆ: ಆರಂಭದ ಶಿಲ್ಕು (ಹಿಂದಿನ ಸಭೆಯ ಉಳಿಕೆ) ₹510 ಎಂದು ತರದೆ ಸೊನ್ನೆಯಿಂದ ಶುರು ಮಾಡುವವರು ಇದ್ದೇ ಇರುತ್ತಾರೆ. ಅಸಲು–ಬಡ್ಡಿ ಸೇರಿಸಿ ₹1,060 ಎಂದು ಒಂದೇ ಕಾಲಂಗೆ ಹಾಕಿದವರ ಲೆಡ್ಜರಿನಲ್ಲಿ ಸಾಲ ಅರವತ್ತು ರೂಪಾಯಿ ಹೆಚ್ಚು ಇಳಿದಿರುತ್ತದೆ, ಬಡ್ಡಿ ಆದಾಯ ಮಾಯ. ಕೊನೆಯ 40 ನಿಮಿಷಕ್ಕೆ ಬೇಕೆಂದೇ ಮೂರು ತಪ್ಪು ಸೇರಿಸಿ ಬರೆದ ಒಂದು ಪುಟ ಕೊಟ್ಟು ಹುಡುಕಲು ಹೇಳಿ. ಮೊದಲೆರಡು ಈಗ ಹೇಳಿದವೇ, ಮೂರನೆಯದು ಗೈರುಹಾಜರಾದ ಸದಸ್ಯೆಯ ಹೆಸರಿನಲ್ಲಿ ಉಳಿತಾಯ ಬರೆದಿರುವುದು. ಬೇರೆಯವರ ತಪ್ಪು ಹಿಡಿಯುವಾಗ ಇರುವ ಹುರುಪು ತಮ್ಮದನ್ನು ತಿದ್ದಿಸಿಕೊಳ್ಳುವಾಗ ಯಾರಿಗೂ ಇರುವುದಿಲ್ಲ.

ಗುಂಪು ಪ್ರಸ್ತುತಿಯನ್ನು ಇಲ್ಲಿ ಕೈಬಿಟ್ಟಿದ್ದು ಬೇಕೆಂದೇ. ಆರು ಗುಂಪು ತಲಾ ಹತ್ತು ನಿಮಿಷ ಎಂದರೆ ಒಂದು ಗಂಟೆ, ಮೂರನೇ ಗುಂಪಿನ ಹೊತ್ತಿಗೆ ಕೇಳುವವರಿಲ್ಲ. ಅಗತ್ಯವೇ ಇದ್ದರೆ ಹಾಳೆಗಳನ್ನು ಗೋಡೆಗೆ ಅಂಟಿಸಿ ಎಲ್ಲರೂ ಎದ್ದು 12 ನಿಮಿಷ ಸುತ್ತಾಡಿ ನೋಡಲಿ.

ಆಮೇಲೆ: ಫೋನೋ, ಭೇಟಿಯೋ

ವಾಟ್ಸ್ಯಾಪ್ ಗುಂಪು ಎಲ್ಲರೂ ಮಾಡುತ್ತಾರೆ, ಎರಡೇ ವಾರದಲ್ಲಿ ಅದು ಶುಭೋದಯದ ಹೂಗಳಿಂದ ತುಂಬುತ್ತದೆ. ಅದನ್ನು ಒಂದೇ ಕೆಲಸಕ್ಕೆ ಇಡಿ: ಮುಂದಿನ ಸಭೆಯ ನಗದು ಪುಸ್ತಕದ ಪುಟದ ಫೋಟೋ. ಸದಸ್ಯರ ಹೆಸರು, ಸಾಲದ ಮೊತ್ತ ಎಲ್ಲರಿಗೂ ಕಾಣುವಂತೆ ಗುಂಪಿಗೆ ಹಾಕಿಸಬೇಡಿ, ತರಬೇತುದಾರರಿಗೆ ನೇರ ಕಳಿಸಲಿ. ಹತ್ತು ದಿನದಲ್ಲಿ ಫೋಟೋ ಬಾರದ ಸಂಘಗಳಿಗೆ ಫೋನು, ಫೋಟೋದಲ್ಲಿ ಶಿಲ್ಕು ತಾಳೆಯಾಗದ ಸಂಘಗಳಿಗೆ ಭೇಟಿ. ಹದಿನಾಲ್ಕಕ್ಕೂ ಹೋಗಲು ಯಾರ ಬಳಿಯೂ ಪೆಟ್ರೋಲಿಲ್ಲ. ಆದರೆ ಈ ಶೋಧನೆಯ ನಂತರ ಹೋಗಬೇಕಾದ ಕಡೆ ನಾಲ್ಕೈದೇ ಉಳಿಯಬಹುದು, ಅದೂ ಅವರ ಸಭೆ ನಡೆಯುವ ಹೊತ್ತಿಗೆ ಸರಿಯಾಗಿ.